ಕನ್ನಡ ಪಿಡಿಎಫ್ ಅನ್ನು ಸ್ಕ್ರೀನ್ ರೀಡರ್ ಓದುವುದಿಲ್ಲ ಯಾಕೆ? ಓದುವಂತೆ ಮಾಡುವುದು ಹೇಗೆ?

ಡಿಜಿಟಲ್ ಸೇವೆಗಳನ್ನು ಪಡೆಯುವುದೂ ಸಂವಿಧಾನದ 21ನೇ ವಿಧಿ ಕೊಡುವ ಬದುಕುವ ಹಕ್ಕಿನ ಭಾಗವೇ ಎಂದು ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ಹೇಳಿತು. ಕೋರ್ಟಿನ ಮುಂದಿದ್ದದ್ದು ಇ-ಕೆವೈಸಿ, ಅಂದರೆ ಗ್ರಾಹಕರ ಗುರುತನ್ನು ಆನ್‌ಲೈನಿನಲ್ಲೇ ಖಾತರಿ ಮಾಡಿಕೊಳ್ಳುವ ವಿಚಾರ. ಕ್ಯಾಮೆರಾದ ಮುಂದೆ ಕಣ್ಣು ಮಿಟುಕಿಸಿ ಎಂದು ಕೇಳುವ ವ್ಯವಸ್ಥೆಯಲ್ಲಿ, ಕಣ್ಣು ಮಿಟುಕಿಸಲು ಆಗದವರು ಏನು ಮಾಡಬೇಕು ಎಂಬ ಪ್ರಶ್ನೆ. ಇದೇ ಪ್ರಶ್ನೆ ನಮ್ಮ ತರಗತಿಗಳಲ್ಲೂ ಇದೆ. ಮೇಷ್ಟ್ರು ವಾಟ್ಸ್ಆ್ಯಪ್ ಗುಂಪಿಗೆ ಕಳಿಸಿದ ನೋಟ್ಸ್ ಎಲ್ಲರ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ. ಅಂಧ ವಿದ್ಯಾರ್ಥಿಯ ಮೊಬೈಲಿನಲ್ಲೂ ತೆರೆದುಕೊಳ್ಳುತ್ತದೆ, ಆದರೆ ಮಾತಾಡುವುದಿಲ್ಲ.

ಇಂಥ ಹೊತ್ತಿನಲ್ಲಿ ಪೋಷಕರು ಮತ್ತು ಶಿಕ್ಷಕರು ಮೊದಲು ಕೇಳುವುದು ‘ಯಾವ ಯಂತ್ರ ತರಬೇಕು?’ ಎಂದು. ಹೆಚ್ಚಿನ ಸಲ ಯಂತ್ರ ಆಗಲೇ ಕೈಯಲ್ಲಿರುತ್ತದೆ. ಸಾಧಾರಣ ಆಂಡ್ರಾಯ್ಡ್ ಫೋನ್ ಅಥವಾ ಹಳೆಯ ಲ್ಯಾಪ್‌ಟಾಪ್ ಸಾಕು. ಪರದೆಯಲ್ಲಿರುವುದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಅದೂ ಉಚಿತವಾಗಿ ಸಿಗುತ್ತದೆ. ಕೆಡುವುದು ಫೈಲಿನಲ್ಲಿ. ಅದು ಎಲ್ಲಿ ಕೆಡುತ್ತದೆ, ಸರಿಪಡಿಸುವುದು ಹೇಗೆ ಎಂಬುದನ್ನು ಬುಡದಿಂದ ನೋಡೋಣ.

ಸ್ಕ್ರೀನ್ ರೀಡರ್ ಮಾಡುವ ಕೆಲಸ

ಸ್ಕ್ರೀನ್ ರೀಡರ್ ಪರದೆಯನ್ನು ನೋಡುವುದಿಲ್ಲ. ಪರದೆಯ ಹಿಂದೆ ಫೈಲಿನಲ್ಲಿರುವ ಅಕ್ಷರಗಳನ್ನು, ಮೆನು ಮತ್ತು ಗುಂಡಿಗಳ ಹೆಸರುಗಳನ್ನು ಕಂಪ್ಯೂಟರಿನಿಂದ ಕೇಳಿ ಪಡೆಯುತ್ತದೆ. ಪಡೆದದ್ದನ್ನು ಧ್ವನಿ ತಯಾರಿಸುವ ಇನ್ನೊಂದು ತಂತ್ರಾಂಶಕ್ಕೆ ದಾಟಿಸುತ್ತದೆ. ಈ ಎರಡನೆಯದನ್ನು ಟಿಟಿಎಸ್, ಅಂದರೆ ಟೆಕ್ಸ್ಟ್ ಟು ಸ್ಪೀಚ್ ಅನ್ನುತ್ತಾರೆ. ಓದುವುದು ಒಂದು, ಉಲಿಯುವುದು ಇನ್ನೊಂದು. ಇವೆರಡು ಬೇರೆ ಬೇರೆ ಎಂಬುದು ನೆನಪಿದ್ದರೆ ಅರ್ಧ ತೊಂದರೆಗಳ ಮೂಲ ತಾನಾಗಿ ಸಿಗುತ್ತದೆ.

ವಿಂಡೋಸ್‌ನಲ್ಲಿ ಹೆಚ್ಚು ಬಳಕೆಯಲ್ಲಿರುವ ಉಚಿತ ಸ್ಕ್ರೀನ್ ರೀಡರ್ ಎನ್‌ವಿಡಿಎ. ಆಸ್ಟ್ರೇಲಿಯಾದ ಮೈಕೆಲ್ ಕರನ್ ಇದನ್ನು 2006ರಲ್ಲಿ ಶುರುಮಾಡಿದರು, ಅವರೂ ಅಂಧರು. ಜಾಸ್ ಎಂಬುದು ಹಣ ಕೊಟ್ಟು ಕೊಳ್ಳುವಂಥದ್ದು. ಆಂಡ್ರಾಯ್ಡ್ ಫೋನುಗಳಲ್ಲಿ ಟಾಕ್‌ಬ್ಯಾಕ್, ಐಫೋನಿನಲ್ಲಿ ವಾಯ್ಸ್‌ಓವರ್ ಇರುತ್ತವೆ.

ಕಾಣುವುದು ಕನ್ನಡ, ಒಳಗಿರುವುದು ಬೇರೆ

ಕಂಪ್ಯೂಟರಿನಲ್ಲಿ ಪ್ರತಿ ಅಕ್ಷರವೂ ಒಂದು ಸಂಖ್ಯೆ. ಜಗತ್ತಿನ ಎಲ್ಲ ಲಿಪಿಗಳಿಗೂ ಬೇರೆ ಬೇರೆ ಸಂಖ್ಯೆ ಹಂಚಿರುವ ವ್ಯವಸ್ಥೆ ಯೂನಿಕೋಡ್. ಅದರಲ್ಲಿ 3200ರಿಂದ 3327ರವರೆಗಿನ 128 ಮನೆಗಳು ಕನ್ನಡಕ್ಕೆ ಮೀಸಲು. ‘ಕನ್ನಡ’ ಎಂದು ಯೂನಿಕೋಡಿನಲ್ಲಿ ಟೈಪ್ ಮಾಡಿದರೆ ಫೈಲಿನಲ್ಲಿ ಉಳಿಯುವುದು 3221, 3240, 3277, 3240, 3233. ಅಂದರೆ ಕ, ನ, ಅರ್ಧಾಕ್ಷರದ ಚಿಹ್ನೆ, ನ, ಡ. ಯಾವ ಸ್ಕ್ರೀನ್ ರೀಡರಿಗೂ ಇದು ಕನ್ನಡವೆಂದು ಗೊತ್ತಾಗುತ್ತದೆ.

ಯೂನಿಕೋಡ್ ಬಳಕೆಗೆ ಬರುವ ಮುಂಚೆ ಕನ್ನಡವನ್ನು ಪರದೆಗೆ ತರಲು ಬೇರೊಂದು ಉಪಾಯ ಮಾಡಿದರು. ಇಂಗ್ಲಿಷ್ ಮತ್ತು ಯುರೋಪಿನ ಅಕ್ಷರಗಳ ಸಂಖ್ಯೆಗಳನ್ನೇ ಇಟ್ಟುಕೊಂಡು, ಅವುಗಳ ಚಿತ್ರದ ಜಾಗದಲ್ಲಿ ಕನ್ನಡದ ತುಣುಕುಗಳನ್ನು ಕೂರಿಸಿದ ಫಾಂಟುಗಳನ್ನು ತಯಾರಿಸಿದರು. ನುಡಿ, ಬರಹ, ಶ್ರೀಲಿಪಿ ತಂತ್ರಾಂಶಗಳ ಹಳೆಯ ಫಾಂಟುಗಳು ಈ ಬಗೆಯವು. ಡಿಟಿಪಿ ಅಂಗಡಿಗಳಲ್ಲಿ ಇವನ್ನು ಆಸ್ಕಿ ಫಾಂಟ್ ಎನ್ನುವುದು ರೂಢಿ. ಕಂಪ್ಯೂಟರಿನಲ್ಲಿ ಕನ್ನಡ ಹರಡಲು ಇವು ನೆರವಾದವು, ಆ ಋಣ ದೊಡ್ಡದು. ಆದರೆ ಅಂಧರ ಪಾಲಿಗೆ ಇವು ಮುಚ್ಚಿದ ಬಾಗಿಲು.

ನುಡಿಯ ಆಸ್ಕಿ ಫಾಂಟಿನಲ್ಲಿ ‘ಕನ್ನಡ’ ಎಂದು ಬರೆದರೆ ಫೈಲಿನಲ್ಲಿ ಉಳಿಯುವುದು ಏಳು ಗುರುತುಗಳು: ದೊಡ್ಡ ಪಿ, ತಲೆಯ ಮೇಲೆ ಗ್ರೇವ್ ಎಂಬ ಓರೆ ಗೀಟಿರುವ ದೊಡ್ಡ ಎ, ಬ್ರಿಟಿಷ್ ಪೌಂಡ್ ಚಿಹ್ನೆ, ಮತ್ತೆ ಅದೇ ಎ, ಜರ್ಮನ್ನರ ಜೋಡಿ ಎಸ್, ಸಣ್ಣ ಕ್ಯೂ, ಮತ್ತೊಮ್ಮೆ ಅದೇ ಎ. ಪಿ ಇದ್ದಲ್ಲಿ ತಲೆಕಟ್ಟಿಲ್ಲದ ಕಕಾರ ಕಾಣುತ್ತದೆ, ಗೀಟಿನ ಎ ಇದ್ದಲ್ಲಿ ತಲೆಕಟ್ಟು, ಜೋಡಿ ಎಸ್ ಇದ್ದಲ್ಲಿ ನಕಾರದ ಒತ್ತು. ಫಾಂಟ್ ಎಂಬುದು ಇಲ್ಲಿ ಯಕ್ಷಗಾನದ ವೇಷ. ಸಭೆಗೆ ಕಾಣುವುದು ಕಿರೀಟ ತೊಟ್ಟ ರಾಜ, ಸ್ಕ್ರೀನ್ ರೀಡರ್ ಮಾತಾಡಿಸುವುದು ಚೌಕಿಯಲ್ಲಿ ಬಣ್ಣ ತೆಗೆದು ಕೂತವನನ್ನು. ಆದ್ದರಿಂದಲೇ ಅದು ‘ಪಿ, ಎ ಗ್ರೇವ್, ಪೌಂಡ್…’ ಎಂದು ಶುರುಮಾಡುತ್ತದೆ. ಇಡೀ ಪಾಠ ಹೀಗೇ ಸಾಗುತ್ತದೆ. ಕೇಳುವ ಮಗು ಎರಡನೇ ಸಾಲಿಗೇ ಇಯರ್‌ಫೋನ್ ಕಿತ್ತಿಡುತ್ತದೆ.

ಇದಕ್ಕಿಂತ ಸರಳವಾದ ಇನ್ನೊಂದು ಕಾರಣವೂ ಉಂಟು. ಫೈಲಿನಲ್ಲಿ ಅಕ್ಷರವೇ ಇರುವುದಿಲ್ಲ, ಪುಟದ ಫೋಟೊ ಮಾತ್ರ ಇರುತ್ತದೆ. ಸ್ಕ್ಯಾನ್ ಮಾಡಿದ ಪಿಡಿಎಫ್, ಮೊಬೈಲಿನಲ್ಲಿ ತೆಗೆದ ಬೋರ್ಡಿನ ಚಿತ್ರ, ಸಹಿ ಮೊಹರು ಹಾಕಿ ಮತ್ತೆ ಸ್ಕ್ಯಾನ್ ಮಾಡಿದ ಸುತ್ತೋಲೆ ಎಲ್ಲವೂ ಈ ಗುಂಪಿಗೆ ಸೇರುತ್ತವೆ. ಇವುಗಳ ಮುಂದೆ ಸ್ಕ್ರೀನ್ ರೀಡರ್ ಸುಮ್ಮನಾಗುತ್ತದೆ, ಇಲ್ಲವೇ ‘ಗ್ರಾಫಿಕ್’ ಎಂದಷ್ಟೇ ಹೇಳುತ್ತದೆ.

ಫೈಲಿನ ಒಳಗೆ ಏನಿದೆ ಎಂದು ತಿಳಿಯುವ ಪರೀಕ್ಷೆ

ಕಣ್ಣಿರುವವರು ಫೈಲ್ ಕಳಿಸುವ ಮುನ್ನ ಈ ಪರೀಕ್ಷೆ ಮಾಡಲಿ, ಎರಡು ನಿಮಿಷವೂ ಬೇಡ. ಫೈಲ್ ತೆರೆದು ಒಂದು ಪ್ಯಾರಾ ಆಯ್ಕೆ ಮಾಡಿ, ಕಾಪಿ ಮಾಡಿ, ನೋಟ್‌ಪ್ಯಾಡಿನಲ್ಲಿ ಪೇಸ್ಟ್ ಮಾಡಿ. ನೋಟ್‌ಪ್ಯಾಡೇ ಯಾಕೆಂದರೆ ಅದು ಮೂಲದ ಫಾಂಟನ್ನು ಜೊತೆಗೆ ತರುವುದಿಲ್ಲ.

ಕನ್ನಡ ಕನ್ನಡವಾಗಿಯೇ ಬಂದರೆ ಅದು ಯೂನಿಕೋಡ್, ಅರ್ಧ ಕೆಲಸ ಮುಗಿದಂತೆ. ಇಂಗ್ಲಿಷ್ ಅಕ್ಷರ ಮತ್ತು ವಿಚಿತ್ರ ಚಿಹ್ನೆಗಳ ರಾಶಿ ಬಂದರೆ ಆಸ್ಕಿ. ಪ್ಯಾರಾ ಆಯ್ಕೆಯೇ ಆಗದೆ, ಎಳೆದಾಗ ಇಡೀ ಪುಟ ಒಂದು ಚೌಕವಾಗಿ ಸಿಕ್ಕರೆ ಅದು ಫೋಟೊ. ನಾಲ್ಕನೆಯದೊಂದಿದೆ, ಅದು ಮೋಸಗಾರ: ಕನ್ನಡವೇ ಬರುತ್ತದೆ, ಆದರೆ ಒತ್ತುಗಳು ಕಾಣೆಯಾಗಿರುತ್ತವೆ ಅಥವಾ ಪಕ್ಕದ ಅಕ್ಷರಕ್ಕೆ ಹಾರಿರುತ್ತವೆ. ಯೂನಿಕೋಡಿನಲ್ಲೇ ಟೈಪ್ ಮಾಡಿ ಪಿಡಿಎಫ್ ಮಾಡಿದಾಗಲೂ ಹೀಗಾಗಬಹುದು. ಪಿಡಿಎಫ್ ಹುಟ್ಟಿದ್ದು ಪುಟ ಎಲ್ಲ ಕಡೆಯೂ ಒಂದೇ ರೀತಿ ಕಾಣಲಿ, ಅಚ್ಚಾಗಲಿ ಎಂದು. ಅದು ಮುಖ್ಯವಾಗಿ ಇಟ್ಟುಕೊಳ್ಳುವುದು ಅಕ್ಷರದ ಆಕಾರಗಳನ್ನು; ಯಾವ ಆಕಾರ ಯಾವ ಅಕ್ಷರದ್ದು ಎಂಬ ಪಟ್ಟಿ ಬೇರೆಯಾಗಿರುತ್ತದೆ. ಕನ್ನಡದಲ್ಲಿ ಎರಡು ಮೂರು ಅಕ್ಷರ ಸೇರಿ ಒಂದು ಆಕಾರವಾಗುವುದರಿಂದ ಆ ಪಟ್ಟಿ ಅರೆಬರೆಯಾಗಿರುವುದು ಸಾಮಾನ್ಯ. ಅದಕ್ಕೇ ಕನ್ನಡದ ಪಾಠ, ನೋಟ್ಸ್‌ಗಳಿಗೆ ವರ್ಡ್ ಫೈಲ್ ಅಥವಾ ಇ-ಪುಸ್ತಕಗಳ ರೂಪವಾದ ಇ-ಪಬ್ ಒಳ್ಳೆಯದು. ಪಿಡಿಎಫ್ ಬೇಕೇ ಬೇಕು ಎಂದಾದರೆ ಮೂಲದ ವರ್ಡ್ ಫೈಲನ್ನೂ ಜೊತೆಗೆ ಕಳಿಸಿ.

ಆಸ್ಕಿಯಿಂದ ಯೂನಿಕೋಡಿಗೆ

ಆಸ್ಕಿ ಪಠ್ಯವನ್ನು ಯೂನಿಕೋಡಿಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿ ಸಿಗುತ್ತವೆ. ಪಿಡಿಎಫ್‌ನಿಂದ ಕಾಪಿ ಮಾಡುವ ಬದಲು ಡಿಟಿಪಿ ಮಾಡಿದವರಿಂದ ಮೂಲ ಫೈಲನ್ನೇ ಕೇಳಿ ಪಡೆಯಿರಿ. ತಪ್ಪು ಬಹಳ ಕಡಿಮೆಯಾಗುತ್ತದೆ. ಫಾಂಟಿನ ಹೆಸರು ನೋಡಿಕೊಳ್ಳಿ. ನುಡಿಯ ಪರಿವರ್ತಕಕ್ಕೆ ಶ್ರೀಲಿಪಿಯ ಪಠ್ಯ ಕೊಟ್ಟರೆ ಬರುವುದು ಇನ್ನೊಂದು ಬಗೆಯ ಕಲಸುಮೇಲೋಗರ, ಎರಡರ ಸಂಕೇತಗಳೂ ಬೇರೆ.

ಪರಿವರ್ತನೆಯಾದ ಮೇಲೆ ಮೂರು ಕಡೆ ಕಣ್ಣಾಡಿಸಲೇಬೇಕು. ಮೊದಲನೆಯದು ಅರ್ಕಾವತ್ತು. ‘ಸೂರ್ಯ’ ಎಂಬಲ್ಲಿ ಆಸ್ಕಿ ಫಾಂಟ್ ಕಣ್ಣಿಗೆ ಕಾಣುವ ಕ್ರಮದಲ್ಲೇ ಅಕ್ಷರ ಕೂಡಿಡುತ್ತದೆ, ಯಕಾರ ಮೊದಲು, ಅದರ ಬಲಕ್ಕೆ ಅರ್ಕಾವತ್ತು. ಯೂನಿಕೋಡ್ ಕೂಡಿಡುವುದು ಉಚ್ಚಾರದ ಕ್ರಮದಲ್ಲಿ, ಅಲ್ಲಿ ರಕಾರವೇ ಮೊದಲು. ಪರಿವರ್ತಕ ಇದನ್ನು ತಿರುಗಿಸಿ ಇಡಬೇಕು, ಕೆಲವು ಇಡುವುದಿಲ್ಲ. ಎರಡನೆಯದು ನಡುನಡುವೆ ಬರುವ ಇಂಗ್ಲಿಷ್ ಪದಗಳು. ಬರೀ ಪಠ್ಯ ಅಂಟಿಸಿದಾಗ ಯಾವುದು ನಿಜವಾದ ಇಂಗ್ಲಿಷ್, ಯಾವುದು ವೇಷದ ಇಂಗ್ಲಿಷ್ ಎಂದು ಪರಿವರ್ತಕಕ್ಕೆ ತಿಳಿಯದೆ ಎಲ್ಲವನ್ನೂ ಕನ್ನಡ ಮಾಡಿಬಿಡುತ್ತದೆ. ವಿಜ್ಞಾನದ ಪಾಠದಲ್ಲಿ ರಾಸಾಯನಿಕ ಸೂತ್ರಗಳು ಹೀಗೆಯೇ ಹಾಳಾಗುವುದು. ಮೂರನೆಯದು ಆವರಣ ಚಿಹ್ನೆ, ಗಣಿತದ ಚಿಹ್ನೆಗಳು.

ಫೋಟೊದಿಂದ ಅಕ್ಷರಕ್ಕೆ: ಓಸಿಆರ್

ಚಿತ್ರದಲ್ಲಿರುವ ಅಕ್ಷರ ಗುರುತಿಸಿ ಪಠ್ಯವಾಗಿಸುವ ತಂತ್ರವೇ ಓಸಿಆರ್. ಕನ್ನಡಕ್ಕೆ ಟೆಸ್ಸರಾಕ್ಟ್ ಎಂಬ ಮುಕ್ತ ತಂತ್ರಾಂಶವಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ‘ಲಿಪಿ ಜ್ಞಾನಿ’ ಎಂಬ ಕನ್ನಡದ್ದೇ ಓಸಿಆರ್ ರೂಪುಗೊಂಡಿದೆ. ಮನೆಯಲ್ಲೋ ಶಾಲೆಯಲ್ಲೋ ಕೂತು ಮಾಡುವವರಿಗೆ ಗೂಗಲ್ ಡ್ರೈವ್ ಸುಲಭ: ಚಿತ್ರ ಅಥವಾ ಪಿಡಿಎಫ್ ಅನ್ನು ಡ್ರೈವಿಗೆ ಏರಿಸಿ, ಅದರ ಮೇಲೆ ಬಲ ಕ್ಲಿಕ್ ಮಾಡಿ, ‘ಓಪನ್ ವಿತ್’ನಲ್ಲಿ ಗೂಗಲ್ ಡಾಕ್ಸ್ ಆರಿಸಿ. ಚಿತ್ರದ ಕೆಳಗೆ ಪಠ್ಯ ಬಂದಿರುತ್ತದೆ. ಫೈಲ್ 2 ಎಂಬಿಯೊಳಗಿರಲಿ. ದೊಡ್ಡ ಪುಸ್ತಕವಾದರೆ ಕೆಲವೇ ಪುಟಗಳ ತುಂಡು ಮಾಡಿಕೊಳ್ಳಿ.

ಫಲಿತಾಂಶದ ಗುಣ ನಿಂತಿರುವುದು ಸ್ಕ್ಯಾನಿನ ಮೇಲೆ. ಸ್ಕ್ಯಾನಿನ ಸ್ಪಷ್ಟತೆಯನ್ನು 300 ಡಿಪಿಐಗೆ ಇಡಿ, ಪುಟ ಓರೆಯಾಗದಂತೆ ನೋಡಿಕೊಳ್ಳಿ, ತೆರೆದ ಪುಸ್ತಕದ ಎರಡು ಪುಟಗಳನ್ನು ಬೇರೆ ಬೇರೆ ಹಿಡಿಯಿರಿ. ತೆಳು ಕಾಗದದಲ್ಲಿ ಹಿಂದಿನ ಪುಟದ ಮಸಿ ಇಣುಕುತ್ತಿದ್ದರೆ ಹಾಳೆಯ ಹಿಂದೆ ಕಪ್ಪು ಕಾಗದ ಇಡಿ. ಎರಡು ಕಾಲಂ ಇರುವ ಪುಟದಲ್ಲಿ ಓಸಿಆರ್ ಒಂದೊಂದು ಸಲ ಎಡಗಾಲಂನ ಸಾಲಿಗೆ ಬಲಗಾಲಂನ ಸಾಲನ್ನು ಅಂಟಿಸುತ್ತದೆ. ಅಂಥ ಪುಟವನ್ನು ಕಾಲಂ ಕಾಲಂ ಆಗಿ ಕತ್ತರಿಸಿ ಕೊಡುವುದೇ ದಾರಿ. ಮೊಳೆ ಜೋಡಿಸಿ ಅಚ್ಚು ಮಾಡಿದ ಹಳೆಯ ಪುಸ್ತಕಗಳಲ್ಲಿ ತಪ್ಪು ಜಾಸ್ತಿ.

ಕನ್ನಡದಲ್ಲಿ ಓಸಿಆರ್ ಎಡವುವ ಜಾಗಗಳು ಹೆಚ್ಚುಕಡಿಮೆ ಗೊತ್ತಿರುವವೇ. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವೆ ಇರುವುದು ಒಂದು ಸಣ್ಣ ಸೀಳು. ಮಸಿ ಹರಡಿದ್ದರೆ ಅದು ಮುಚ್ಚಿಹೋಗುತ್ತದೆ. ಒತ್ತಕ್ಷರ ಕೆಳಗಿನ ಸಾಲಿಗೆ ತಾಗಿದ್ದರೆ ಬಿಟ್ಟುಹೋಗುತ್ತದೆ. ಇನ್ನು ಅನುಸ್ವಾರ ಮತ್ತು ಕನ್ನಡದ ಸೊನ್ನೆ. ಎರಡೂ ದುಂಡಗೆ ಒಂದೇ ಥರ ಕಾಣುತ್ತವೆ, ಕಣ್ಣಿಂದ ಓದುವವರಿಗೆ ವ್ಯತ್ಯಾಸವೇ ತಿಳಿಯುವುದಿಲ್ಲ. ಸ್ಕ್ರೀನ್ ರೀಡರ್ ಮಾತ್ರ ‘ಹ೦ಪಿ’ ಎಂದಿದ್ದರೆ ಪದ ಒಡೆದು ‘ಹ, ಸೊನ್ನೆ, ಪಿ’ ಎಂಬಂತೆ ಓದುತ್ತದೆ. ಟೈಪ್ ಮಾಡುವವರೂ ಈ ತಪ್ಪು ಮಾಡುತ್ತಾರೆ. ‘ಫೈಂಡ್’ನಲ್ಲಿ ಕನ್ನಡದ ಸೊನ್ನೆ ಹಾಕಿ ಹುಡುಕಿ, ಪದಗಳ ನಡುವೆ ಸಿಕ್ಕದ್ದನ್ನೆಲ್ಲ ಅನುಸ್ವಾರ ಮಾಡಿ. ತಾರೀಖು, ಲೆಕ್ಕಗಳೂ ಕನ್ನಡ ಅಂಕಿಯಲ್ಲಿದ್ದರೆ ಎಲ್ಲವನ್ನೂ ಒಟ್ಟಿಗೆ ಬದಲಿಸಬೇಡಿ.

ಓಸಿಆರ್ ಪಠ್ಯವನ್ನು ಒಬ್ಬರು ಕೂತು ಮೂಲದೊಂದಿಗೆ ತಾಳೆ ನೋಡದೆ ಮಗುವಿನ ಕೈಗೆ ಕೊಡಬಾರದು. ಅಚ್ಚಿನಲ್ಲಿ ತಪ್ಪಿದ್ದರೆ ನೋಡುವವರು ಊಹಿಸಿಕೊಂಡು ಮುಂದೆ ಹೋಗುತ್ತಾರೆ. ಕೇಳಿಯೇ ಕಲಿಯುವ ಮಗುವಿಗೆ ಕೇಳಿದ್ದೇ ಪಾಠ.

ತಲೆಬರಹ, ಚಿತ್ರ, ಕೋಷ್ಟಕ

ಅಕ್ಷರ ಸರಿಯಾಯಿತು. ಇನ್ನು 40 ಪುಟದ ನೋಟ್ಸಿನಲ್ಲಿ ಮೂರನೇ ಅಧ್ಯಾಯಕ್ಕೆ ಹೋಗುವುದು ಹೇಗೆ? ನೋಡುವವರು ದಪ್ಪಕ್ಷರ ಕಂಡಲ್ಲಿ ನಿಲ್ಲುತ್ತಾರೆ. ಸ್ಕ್ರೀನ್ ರೀಡರಿಗೆ ದಪ್ಪಕ್ಷರವೂ ಮಾಮೂಲಿ ಅಕ್ಷರವೇ. ವರ್ಡ್‌ನಲ್ಲಿ ಅಧ್ಯಾಯದ ಹೆಸರಿನ ಮೇಲೆ ಕರ್ಸರ್ ಇಟ್ಟು ಕಂಟ್ರೋಲ್, ಆಲ್ಟ್ ಮತ್ತು 1 ಒತ್ತಿದರೆ ಅದು ಮೊದಲ ಹಂತದ ತಲೆಬರಹವಾಗುತ್ತದೆ. 2 ಒತ್ತಿದರೆ ಉಪಶೀರ್ಷಿಕೆ. ಆಮೇಲೆ ಎನ್‌ವಿಡಿಎಯ ಬ್ರೌಸ್ ಮೋಡ್‌ನಲ್ಲಿ ಎಚ್ ಕೀಲಿ ಒತ್ತುತ್ತಾ ತಲೆಬರಹದಿಂದ ತಲೆಬರಹಕ್ಕೆ ಜಿಗಿಯಬಹುದು. ವರ್ಡ್‌ನಲ್ಲಿ ಇನ್ಸರ್ಟ್ ಮತ್ತು ಸ್ಪೇಸ್ ಒತ್ತಿದರೆ ಆ ಮೋಡ್ ಬರುತ್ತದೆ. ಇನ್ಸರ್ಟ್ ಮತ್ತು ಎಫ್7 ಒತ್ತಿದರೆ ಎಲ್ಲ ತಲೆಬರಹಗಳ ಪಟ್ಟಿಯೇ ಬರುತ್ತದೆ.

ಚಿತ್ರಕ್ಕೆ ಆಲ್ಟ್ ಟೆಕ್ಸ್ಟ್, ಅಂದರೆ ಚಿತ್ರದ ಬದಲು ಓದಿ ಹೇಳುವ ವಿವರಣೆ ಬರೆಯಬೇಕು: ಚಿತ್ರದ ಮೇಲೆ ಬಲ ಕ್ಲಿಕ್, ಆಲ್ಟ್ ಟೆಕ್ಸ್ಟ್, ಒಂದೆರಡು ವಾಕ್ಯ. ‘ಹೃದಯದ ಚಿತ್ರ’ ಎಂದು ಬರೆದರೆ ಪ್ರಯೋಜನವಿಲ್ಲ. ಪಾಠಕ್ಕೆ ಆ ಚಿತ್ರ ಏನು ಹೇಳುತ್ತಿದೆಯೋ ಅದನ್ನು ಬರೆಯಿರಿ: ‘ಹೃದಯದ ನಾಲ್ಕು ಕೋಣೆಗಳು, ಮೇಲಿನ ಎರಡು ಹೃತ್ಕರ್ಣ, ಕೆಳಗಿನ ಎರಡು ಹೃತ್ಕುಕ್ಷಿ, ಎಡ ಹೃತ್ಕುಕ್ಷಿಯ ಗೋಡೆ ಎಲ್ಲಕ್ಕಿಂತ ದಪ್ಪ.’ ಕೋಷ್ಟಕದಲ್ಲಿ ಮನೆಗಳನ್ನು ಸೇರಿಸಿ ಒಂದು ಮಾಡಬೇಡಿ, ಮೊದಲ ಸಾಲನ್ನು ಹೆಡರ್ ಎಂದು ಗುರುತು ಮಾಡಿ. ಸ್ಪೇಸ್ ಒತ್ತಿ ಒತ್ತಿ ಮಾಡಿದ ಕೋಷ್ಟಕ ಕಿವಿಗೆ ಬರೀ ಪದಗಳ ಸಾಲಾಗಿ ಕೇಳುತ್ತದೆ. ಕೊನೆಗೆ ರಿವ್ಯೂ ಮೆನುವಿನ ಲ್ಯಾಂಗ್ವೇಜ್‌ನಲ್ಲಿ ಪಠ್ಯದ ಭಾಷೆ ಕನ್ನಡ ಎಂದು ಗುರುತು ಮಾಡಿ. ಯಾವ ಧ್ವನಿಯಲ್ಲಿ ಓದಬೇಕು ಎಂಬುದನ್ನು ಸ್ಕ್ರೀನ್ ರೀಡರ್ ಈ ಗುರುತು ನೋಡಿ ತೀರ್ಮಾನಿಸಬಲ್ಲದು.

ಕನ್ನಡ ಧ್ವನಿ ಹೊಂದಿಸುವುದು

ಫೈಲ್ ಸರಿಯಿದ್ದೂ ಕನ್ನಡ ಕೇಳಿಸದಿದ್ದರೆ ತೊಂದರೆ ಧ್ವನಿಯದು. ಇಂಗ್ಲಿಷ್ ಧ್ವನಿ ಆಯ್ಕೆಯಾಗಿದ್ದರೆ ಅದು ಕನ್ನಡದ ಸಾಲುಗಳನ್ನು ಹಾರಿಸಿಕೊಂಡು ಹೋಗಬಹುದು. ಎನ್‌ವಿಡಿಎಯಲ್ಲಿ ಇನ್ಸರ್ಟ್, ಕಂಟ್ರೋಲ್, ಎಸ್ ಒತ್ತಿ ಇ-ಸ್ಪೀಕ್ ಎನ್‌ಜಿ ಆರಿಸಿ. ಆಮೇಲೆ ಇನ್ಸರ್ಟ್, ಕಂಟ್ರೋಲ್, ವಿ ಒತ್ತಿ ಧ್ವನಿಗಳ ಪಟ್ಟಿಯಲ್ಲಿ ಕನ್ನಡ ಆರಿಸಿ. ಇದು ಎನ್‌ವಿಡಿಎ ಜೊತೆಗೇ ಬರುತ್ತದೆ, ಇಂಟರ್ನೆಟ್ ಬೇಡ. ಧ್ವನಿ ಯಾಂತ್ರಿಕ, ಮೊದಲ ದಿನ ಕಿವಿಗೆ ಒರಟು. ಆದರೂ ಅನುಭವಿಗಳಲ್ಲಿ ಬಹಳ ಮಂದಿ ಇದನ್ನೇ ಬಯಸುತ್ತಾರೆ. ಮನುಷ್ಯರ ಧ್ವನಿಯ ತುಣುಕು ಜೋಡಿಸದೆ ಲೆಕ್ಕದಿಂದಲೇ ಸದ್ದು ಹುಟ್ಟಿಸುವುದರಿಂದ ಎಷ್ಟು ವೇಗ ಏರಿಸಿದರೂ ಅಕ್ಷರ ಬಿಡಿಬಿಡಿಯಾಗಿ ಕೇಳುತ್ತದೆ, ಕೀಲಿ ಒತ್ತಿದ ತಕ್ಷಣ ಉತ್ತರಿಸುತ್ತದೆ. ಕಲಿಯುವ ಮಗುವಿಗೆ ನಿಧಾನದಿಂದ ಶುರುಮಾಡಿ ವಾರವಾರಕ್ಕೆ ಸ್ವಲ್ಪ ಏರಿಸಿ.

ಫೋನಿನಲ್ಲಿ ಸೆಟ್ಟಿಂಗ್ಸ್‌ನ ಆಕ್ಸೆಸಿಬಿಲಿಟಿ ವಿಭಾಗಕ್ಕೆ ಹೋಗಿ ಟಾಕ್‌ಬ್ಯಾಕ್ ಆನ್ ಮಾಡಬೇಕು. ಅದಕ್ಕೆ ಮುಂಚೆ ಟೆಕ್ಸ್ಟ್ ಟು ಸ್ಪೀಚ್ ವಿಭಾಗದಲ್ಲಿ ಗೂಗಲ್‌ನ ಎಂಜಿನ್ ಆರಿಸಿ ಕನ್ನಡದ ವಾಯ್ಸ್ ಡೇಟಾ ಇಳಿಸಿಕೊಳ್ಳಿ. ಟಾಕ್‌ಬ್ಯಾಕ್ ಆನ್ ಆದಕೂಡಲೇ ಫೋನಿನ ನಡವಳಿಕೆ ಬದಲಾಗುತ್ತದೆ: ಒಮ್ಮೆ ಮುಟ್ಟಿದರೆ ಹೆಸರು ಹೇಳುತ್ತದೆ, ಎರಡು ಸಲ ತಟ್ಟಿದರೆ ಮಾತ್ರ ತೆರೆಯುತ್ತದೆ, ಬಲಕ್ಕೆ ಸವರಿದರೆ ಮುಂದಿನದಕ್ಕೆ ಹೋಗುತ್ತದೆ. ಇದು ಗೊತ್ತಿಲ್ಲದ ಮನೆಯವರು ಫೋನ್ ಕೆಟ್ಟಿತೆಂದು ಗಾಬರಿಯಾಗುವುದುಂಟು. ಶಾರ್ಟ್‌ಕಟ್ ಹೊಂದಿಸಿದ್ದರೆ ವಾಲ್ಯೂಮಿನ ಎರಡೂ ಗುಂಡಿಗಳನ್ನು ಒಟ್ಟಿಗೆ ಕೆಲವು ಸೆಕೆಂಡ್ ಒತ್ತಿಹಿಡಿದು ಆಫ್ ಮಾಡಬಹುದು. ತರಗತಿಯಲ್ಲಿ ಒಂದೇ ಕಿವಿಗೆ ಇಯರ್‌ಫೋನ್ ಇರಲಿ, ಇನ್ನೊಂದು ಕಿವಿ ಪಾಠಕ್ಕೆ.

ಕೇಳಿದರಷ್ಟೇ ಸಾಲದು, ಬ್ರೈಲ್ ಬೇಕು

‘ಫೋನೇ ಓದುತ್ತದಲ್ಲ, ಬ್ರೈಲ್ ಯಾಕೆ?’ ಎಂದು ಕೇಳುವವರು ಹೆಚ್ಚುತ್ತಿದ್ದಾರೆ. ಕಿವಿಯಿಂದ ಮಾತ್ರ ಕಲಿತ ಮಗುವಿಗೆ ಕಾಗುಣಿತ ಕೈಗೆ ಹತ್ತುವುದು ಕಷ್ಟ. ಶ ಮತ್ತು ಷ ಕಿವಿಗೆ ಒಂದೇ. ವೇಗವಾಗಿ ಓದಿಸಿದಾಗ ಅಲ್ಪಪ್ರಾಣ, ಮಹಾಪ್ರಾಣಗಳೂ ಬೆರೆತುಹೋಗುತ್ತವೆ. ಒಂದೊಂದೇ ಅಕ್ಷರ ಬಾಣದ ಕೀಲಿಯಿಂದ ಕೇಳಬಹುದು ನಿಜ, ಆದರೆ ಇಡೀ ಪುಸ್ತಕ ಹಾಗೆ ಓದಲಾಗದು. ಬೆರಳಿಗೆ ಅಕ್ಷರ ತಾಗಬೇಕು. ಚಿಕ್ಕ ಮಕ್ಕಳ ವಿಷಯದಲ್ಲಂತೂ ಇದು ಬಿಡುವಂಥದ್ದೇ ಅಲ್ಲ.

ಕನ್ನಡಕ್ಕೆ ಬಳಸುವುದು ಭಾರತದ ಭಾಷೆಗಳಿಗೆಲ್ಲ ಸಾಮಾನ್ಯವಾಗಿ 1951ರಲ್ಲಿ ಒಪ್ಪಿಕೊಂಡ ಭಾರತಿ ಬ್ರೈಲ್. ಒಂದು ಮನೆಯಲ್ಲಿ ಆರು ಚುಕ್ಕಿ, ಅವಕ್ಕೆ 1ರಿಂದ 6ರವರೆಗೆ ಸಂಖ್ಯೆ. ಅವುಗಳಿಂದ 63 ಜೋಡಣೆ. ‘ಕನ್ನಡ’ ಪದಕ್ಕೆ ಐದು ಮನೆ: 1-3, 4, 1-3-4-5, 1-3-4-5, 1-2-4-6. ಎರಡನೇ ಮನೆಯ ಒಂಟಿ 4ನೇ ಚುಕ್ಕಿ ಅರ್ಧಾಕ್ಷರದ ಗುರುತು. ಯೂನಿಕೋಡಿನಲ್ಲಿ ಅದು ನಕಾರದ ನಂತರ ಬರುತ್ತದೆ, ಬ್ರೈಲಿನಲ್ಲಿ ನಕಾರಕ್ಕೆ ಮುಂಚೆ. ಈ ಅದಲುಬದಲನ್ನು ಲಿಬ್‌ಲೂಯಿ ಎಂಬ ಮುಕ್ತ ತಂತ್ರಾಂಶ ಮಾಡಿಕೊಡುತ್ತದೆ. ಅದು ಎನ್‌ವಿಡಿಎ ಒಳಗೇ ಇದೆ. ಬ್ರೈಲ್ ಡಿಸ್‌ಪ್ಲೇ ಜೋಡಿಸಿದರೆ ಸಾಲಿನ ಚುಕ್ಕಿಗಳು ಎದ್ದು ಇಳಿದು ಪಠ್ಯ ಬೆರಳಿಗೆ ಸಿಗುತ್ತದೆ. ಎಂಬಾಸರ್ ಇದ್ದರೆ ಕಾಗದದ ಮೇಲೆ ಮೂಡಿಸಬಹುದು. ಎರಡಕ್ಕೂ ಒಳಗೆ ಹೋಗಬೇಕಾದದ್ದು ಯೂನಿಕೋಡ್ ಪಠ್ಯವೇ.

ಮಂದದೃಷ್ಟಿಯ ಮಕ್ಕಳಿಗೂ ಅದೇ ಫೈಲ್ ಆಗುತ್ತದೆ. ಅಕ್ಷರ ದೊಡ್ಡದು ಮಾಡಿದರೂ ಸಾಲು ಪರದೆಯೊಳಗೇ ಮಡಿಚಿಕೊಳ್ಳುತ್ತದೆ. ಪುಟದ ಫೋಟೊವನ್ನು ಹಿಗ್ಗಿಸಿದರೆ ಪ್ರತಿ ಸಾಲಿಗೂ ಎಡಕ್ಕೆ ಬಲಕ್ಕೆ ಸರಿಸುತ್ತಾ ಕೂರಬೇಕು.

ಪುಸ್ತಕ, ಕಾಯ್ದೆ, ಪರೀಕ್ಷೆ

ಪುಸ್ತಕವನ್ನು ಹೀಗೆ ಬದಲಿಸುವುದು ಹಕ್ಕುಸ್ವಾಮ್ಯದ ಉಲ್ಲಂಘನೆಯೇ ಎಂಬ ಅಳುಕು ಹಲವರಲ್ಲಿದೆ. 2012ರಲ್ಲಿ ತಿದ್ದುಪಡಿಯಾದ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಅಂಗವೈಕಲ್ಯ ಇರುವವರ ಓದಿಗಾಗಿ ಲಾಭದ ಉದ್ದೇಶವಿಲ್ಲದೆ ಕೃತಿಯನ್ನು ಅವರಿಗೆ ಎಟಕುವ ರೂಪಕ್ಕೆ ತರಲು ಅವಕಾಶ ಕೊಟ್ಟಿದೆ. ಇಂಥ ಪುಸ್ತಕಗಳು ದೇಶದ ಗಡಿ ದಾಟಲು ದಾರಿ ಮಾಡಿದ 2013ರ ಮರಾಕೆಶ್ ಒಪ್ಪಂದವನ್ನು ಮೊದಲು ಅನುಮೋದಿಸಿದ ದೇಶ ಭಾರತ. ಆಗಲೇ ಬದಲಿಸಿಟ್ಟ ಪುಸ್ತಕಗಳನ್ನು 2016ರಲ್ಲಿ ಶುರುವಾದ ‘ಸುಗಮ್ಯ ಪುಸ್ತಕಾಲಯ’ದಲ್ಲಿ ಹುಡುಕಬಹುದು. ಹೊಸದಾಗಿ ಸ್ಕ್ಯಾನ್ ಮಾಡುವ ಮುನ್ನ ಅಲ್ಲಿ ನೋಡಿ.

ಪರೀಕ್ಷೆಯ ವಿಷಯದಲ್ಲಿ ಕೇಂದ್ರ ಸರ್ಕಾರದ 2018ರ ಆಗಸ್ಟ್ 29ರ ಮಾರ್ಗಸೂಚಿ ಇತ್ತು, 2025ರಲ್ಲಿ ಅದರ ಜಾಗಕ್ಕೆ ಹೊಸದು ಬಂದಿದೆ. 2018ರದ್ದು ಶೇ 40 ಅಥವಾ ಅದಕ್ಕಿಂತ ಹೆಚ್ಚಿನ ಅಂಗವೈಕಲ್ಯ ಇರುವವರು ಬರೆಯುವ ಪರೀಕ್ಷೆಗಳ ಕುರಿತದ್ದು. ಅದರಂತೆ ಹೆಚ್ಚುವರಿ ಸಮಯ ಗಂಟೆಗೆ 20 ನಿಮಿಷಕ್ಕೆ ಕಡಿಮೆ ಇರಕೂಡದಿತ್ತು, ಅಂದರೆ 3 ಗಂಟೆಯ ಪರೀಕ್ಷೆಗೆ 60 ನಿಮಿಷ. ಬ್ರೈಲ್, ಕಂಪ್ಯೂಟರ್, ದೊಡ್ಡಕ್ಷರ ಇವುಗಳಲ್ಲಿ ತನಗೆ ಹೊಂದುವುದನ್ನು ಅಭ್ಯರ್ಥಿ ಆರಿಸಿಕೊಳ್ಳಬಹುದಿತ್ತು. ಕಂಪ್ಯೂಟರ್ ಆರಿಸಿಕೊಂಡವರಿಗೆ ಒಂದು ದಿನ ಮುಂಚೆ ಅದನ್ನು ಪರಿಶೀಲಿಸಲು ಬಿಡಬೇಕಿತ್ತು. ಹಾಗೆ ಪರಿಶೀಲಿಸಲು ಕೇಂದ್ರಕ್ಕೆ ಹೋದಾಗ ಕನ್ನಡ ಧ್ವನಿ ಇದೆಯೇ, ಅಭ್ಯಾಸವಿರುವ ಕನ್ನಡ ಕೀಲಿಮಣೆ ವಿನ್ಯಾಸ ಇದೆಯೇ ಎಂದು ನೋಡಿ. ಹಳೆಯ ಪ್ರಶ್ನೆಪತ್ರಿಕೆಯೊಂದನ್ನು ಅಲ್ಲೇ ತೆರೆಸಿ, ಪೇಸ್ಟ್ ಪರೀಕ್ಷೆ ಮಾಡಿ. ಪಿ, ಎ ಗ್ರೇವ್ ಎಂದು ಶುರುವಾದರೆ ಮೇಲ್ವಿಚಾರಕರಿಗೆ ಅವತ್ತೇ ಬರೆದುಕೊಟ್ಟು, ಯೂನಿಕೋಡ್ ಪ್ರತಿ ಅಥವಾ ಓದಿ ಹೇಳುವವರು ಬೇಕೆಂದು ಕೇಳಿ.